ಹೋಗುವ ಗಾಳಿಯ ಬಿಸಿ

ನನಗೆ ಹಸಿ ಎಂದರೆ ಆಗದು. ಒಣಗಿದ ಬಟ್ಟೆಯನ್ನು ಮತ್ತೊಮ್ಮೆ ಹಗ್ಗಕ್ಕೆ ಹಾಕುತ್ತೇನೆ, ಹಪ್ಪಳದ ಡಬ್ಬಿಯನ್ನು ವಾರಕ್ಕೊಮ್ಮೆ ಬಿಸಿಲಿಗಿಡುತ್ತೇನೆ, ಉಪ್ಪಿನ ಮರಿಗೆ ಮುಟ್ಟುವ ಮೊದಲು ಕೈ ಒರೆಸಿಕೊಂಡಿರಾ ಎಂದು ಬಂದ ನೆಂಟರನ್ನೂ ಗದರುತ್ತೇನೆ. ಮನೆಯವರು ನಗುತ್ತಾರೆ. ನಗಲಿ ಬಿಡಿ. ತಿಪಟೂರು ಸೀಮೆಯ ತೆಂಗಿನ ಮನೆಯಲ್ಲಿ ಹುಟ್ಟಿದವರಿಗೆ ಹಸಿಯ ಭಯ ತಾಯಿಯ ಹಾಲಿನ ಜೊತೆಗೇ ಬಂದಿರುತ್ತದೆ. ಆದರೆ ಆ ಭಯವನ್ನೇ ಬುದ್ಧಿ ಎಂದುಕೊಂಡು ನಾನೊಮ್ಮೆ ಒಬ್ಬ ಒಳ್ಳೆಯ ಮನುಷ್ಯನ ಕೆಲಸ ಕಳೆದೆ. ಅದನ್ನು ಬರೆದು ಹೇಳುವುದಕ್ಕೆ ಇಷ್ಟು ವರ್ಷ ಬೇಕಾಯಿತು.

ನಮ್ಮ ಕಡೆ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತಾರೆ. ಕೆಳಗೆ ಅಡುಗೆಯ ಒಲೆ ಉರಿಯುತ್ತಿರುತ್ತದೆ. ಆ ಬಿಸಿಯಲ್ಲಿ, ಆ ಹೊಗೆಯಲ್ಲಿ ಕಾಯಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಬಿದ್ದಿರಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಇಡೀ ಉಂಡೆಯಾಗುತ್ತದೆ. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗುಂಡು ಗುಂಡಾಗಿ ಆಡುವ ಸದ್ದು ಕೇಳುತ್ತದೆ. ಅವಸರ ಮಾಡಿ ಕೆಳಗೆ ಜೋರಾಗಿ ಉರಿ ಹಾಕಿದರೆ ಕೊಬ್ಬರಿ ಒಳಗೇ ಸೀಳುತ್ತದೆ. ತೇವ ತಗಲಿದರೆ ಕೌಟು ಹಿಡಿಯುತ್ತದೆ, ಅಂದರೆ ಎಣ್ಣೆ ಕೆಟ್ಟ ಆ ಹಳಸಲು ವಾಸನೆ. ಕೌಟು ಎನ್ನುವ ಮಾತು ನಮ್ಮ ಮನೆಯಲ್ಲಿ ಬೈಗುಳಕ್ಕಿಂತ ಕೆಟ್ಟದ್ದು.

ನನಗೆ ಒಂಬತ್ತು ವರ್ಷವಾಗಿದ್ದಾಗ ಮಳೆಗಾಲದಲ್ಲಿ ಹಿಂದಿನ ಮೂಲೆಯ ಹೆಂಚೊಂದು ಜಾರಿತ್ತು. ಯಾರೂ ನೋಡಲಿಲ್ಲ. ಕಾಯಿ ಇಳಿಸುವ ಹೊತ್ತಿಗೆ ಆ ಮೂಲೆಯದೆಲ್ಲ ಕೌಟು. ನಮ್ಮಜ್ಜಿ ನಡುಮನೆಯಲ್ಲಿ ಕೂತು, ಬೀದಿಗೆ ಕೇಳುವ ಹಾಗೆ ಅಂದಳು: "ಅಟ್ಟ ನೋಡ್ಕಳ್ಳಕ್ಕೆ ಬರದೋಳು ಮನೆ ಏನ್ ನೋಡ್ಕಂತಾಳೆ?" ನಮ್ಮಮ್ಮ ಒಲೆಯ ಮುಂದೆ ಕೂತು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಅವತ್ತಿನಿಂದ ನಾನು ದಿನಾ ಸ್ಕೂಲಿನಿಂದ ಬಂದವಳೇ ಅಟ್ಟ ಹತ್ತಿ ಮೂಲೆ ಮೂಲೆ ಮೂಸಿ ನೋಡುತ್ತಿದ್ದೆ. ಬೆಕ್ಕು ಕಣೇ ನೀನು ಎಂದು ಅಮ್ಮ ನಗುತ್ತಿದ್ದಳು.

ತಿಪಟೂರಿನ ಕಾಲೇಜಿನಲ್ಲಿ ಕೆಮಿಸ್ಟ್ರಿ ಓದಿ ಬಿಎಸ್ಸಿ ಮುಗಿಸಿದೆ. ಎಂಬತ್ತರ ದಶಕದ ನಡುವಿನ ಮಾತು. ಆಗ ಕೊಬ್ಬರಿ ಮಂಡಿಯ ಯಜಮಾನರೊಬ್ಬರು ತುರುವೇಕೆರೆ ರಸ್ತೆಯಲ್ಲಿ ಒಂದು ಸಣ್ಣ ಕಾರ್ಖಾನೆ ಹಾಕಿದರು. ತೆಂಗಿನ ಹಾಲನ್ನು ಪುಡಿ ಮಾಡುವುದು. ಪುಡಿಯನ್ನು ಪರೀಕ್ಷೆ ಮಾಡಲು ಓದಿದವರು ಬೇಕಾಗಿತ್ತು. ನಮ್ಮಪ್ಪ ಮೂರು ದಿನ ಮಾತಾಡಲಿಲ್ಲ. ನಾಲ್ಕನೆಯ ದಿನ, "ಮದ್ವೆ ಗೊತ್ತಾಗೋ ತನ್ಕ ಹೋಗ್ಲಿ ಬುಡು. ಒಂದು ಮಾತು ಬರೋ ಹಂಗೆ ಆದ್ರೆ ಮನೇಲಿ ಕೂತ್ಕಬೇಕು ಅಷ್ಟೇ" ಎಂದರು. ನಾನು ಆ ರಾತ್ರಿಯೇ ಎರಡು ಸೀರೆಗೆ ಇಸ್ತ್ರಿ ಹಾಕಿಟ್ಟೆ.

ಯಂತ್ರ ಎರಡು ಮಾಳಿಗೆ ಎತ್ತರ. ಕೆಳಗೆ ಚೂಪಾಗಿ ಇಳಿಯುವ ದೊಡ್ಡ ಉಕ್ಕಿನ ಗೋಪುರ. ಮೇಲೆ ಒಂದು ಚಕ್ರ ಗಿರ್ರನೆ ತಿರುಗಿ ತೆಂಗಿನ ಹಾಲನ್ನು ಮಂಜಿನ ಹಾಗೆ ಎರಚುತ್ತದೆ. ಪಕ್ಕದಲ್ಲಿ ಒಲೆ. ಅದಕ್ಕೆ ತೆಂಗಿನ ಕರಟವೇ ಸೌದೆ. ಆ ಒಲೆಯಿಂದ ಬಿಸಿ ಗಾಳಿ ಗೋಪುರದೊಳಕ್ಕೆ ನುಗ್ಗುತ್ತದೆ. ಹನಿ ಗೋಡೆ ಮುಟ್ಟುವುದರೊಳಗೆ ಪುಡಿಯಾಗಿರಬೇಕು. ಪುಡಿ ಗಾಳಿಯ ಜೊತೆ ಕೆಳಗಿನ ಕೊಳವೆಯಲ್ಲಿ ಹೋಗಿ ಇನ್ನೊಂದು ಆಲಿಕೆಯಲ್ಲಿ ಸುತ್ತಿ ಡ್ರಮ್ಮಿಗೆ ಬೀಳುತ್ತದೆ, ಗಾಳಿ ಮೇಲಿನ ಕೊಳವೆಯಿಂದ ಆಚೆ ಹೋಗುತ್ತದೆ. ಅಟ್ಟದ ಮೇಲೆ ಹನ್ನೊಂದು ತಿಂಗಳು ಹಿಡಿಯುವ ಕೆಲಸ ಇಲ್ಲಿ ಕಣ್ಣು ಮಿಟುಕಿಸುವುದರಲ್ಲಿ ಮುಗಿಯುತ್ತದೆ. ಮೊದಲ ದಿನ ನೋಡಿ ನಾನು "ಅಯ್ಯಪ್ಪಾ!" ಎಂದುಬಿಟ್ಟೆ.

ಅದಕ್ಕೆ ಎರಡು ಥರ್ಮಾಮೀಟರು. ಒಂದು ಬರುವ ಗಾಳಿಯದು, ಒಂದು ಹೋಗುವ ಗಾಳಿಯದು. ಒಲೆಗೆ ಕರಟ ಹೆಚ್ಚು ಹಾಕಿದರೆ ಬರುವ ಗಾಳಿ ಬಿಸಿಯಾಗುತ್ತದೆ. ಹಾಲು ಬಿಡುವ ತಿರುಗಣೆಯನ್ನು ಬಿಗಿ ಮಾಡಿ ಹಾಲು ಕಡಿಮೆ ಬಿಟ್ಟರೆ, ಒಣಗಿಸಲು ಕೆಲಸ ಕಡಿಮೆಯಾಗಿ, ಹೋಗುವ ಗಾಳಿ ಬಿಸಿಯಾಗಿಯೇ ಹೋಗುತ್ತದೆ. ಇಷ್ಟೇ ವಿದ್ಯೆ. ಇಷ್ಟರಲ್ಲೇ ಎಲ್ಲ ಇತ್ತು.

ಯಂತ್ರ ನಡೆಸುತ್ತಿದ್ದವರು ಶೆಟ್ಟಿಕೆರೆಯವರು, ಐವತ್ತು ದಾಟಿದವರು. ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ದೂರದ ಊರಿನ ಹಾಲಿನ ಪುಡಿಯ ಕಾರ್ಖಾನೆಯಲ್ಲಿ ಹದಿನೈದು ವರ್ಷ ದುಡಿದು, ನಮ್ಮೂರ ಕಾಯಿಗೂ ಒಂದು ಮಿಷಿನ್ನು ಬಂತಂತೆ ಎಂದು ಕೇಳಿ, ಅಲ್ಲಿಯದನ್ನು ಬಿಟ್ಟು ಬಂದಿದ್ದರು. ತಲೆಗೆ ಟವೆಲು ಸುತ್ತಿ, ಏಣಿ ಹತ್ತಿ, ಹೋಗುವ ಗಾಳಿಯ ಕೊಳವೆಗೆ ಹಿಂಗೈಯನ್ನು ಚಕ್ಕನೆ ತಾಗಿಸಿ ತೆಗೆಯುತ್ತಿದ್ದರು. ಆಮೇಲೆ ಥರ್ಮಾಮೀಟರು ನೋಡುತ್ತಿದ್ದರು. ಕೈಯೂ ಅದೂ ಒಂದೇ ಹೇಳಿದರೆ ಕೆಳಗಿಳಿದು ಬೀಡಿ ಹಚ್ಚುತ್ತಿದ್ದರು.

ಮೊದಲ ವಾರವೇ ನನ್ನನ್ನು ಕರೆದು ತೋರಿಸಿದರು. "ಇಲ್ನೋಡಿ ಕಣಮ್ಮ. ಬರೋ ಗಾಳಿ ನೂರೆಂಬತ್ತು ಡಿಗ್ರಿ ಇದ್ರೂ ಹನಿಗೆ ಏನೂ ಆಗಕ್ಕಿಲ್ಲ. ಮೈಮೇಲೆ ನೀರಿರೋ ತನ್ಕ ಅದು ತಣ್ಣಗೇ ಇರ್ತದೆ. ನೀರು ಮುಗೀತು ನೋಡಿ, ಆಮ್ಯಾಕೆ ಶುರು ಅದರ ಕಷ್ಟ. ಅದಕ್ಕೇ ನಾನು ಹೋಗೋ ಗಾಳಿ ಮೇಲೆ ಕಣ್ಣಿಕ್ಕಿರ್ತೀನಿ. ಎಂಬತ್ತೆರಡು. ಅದು ಮೀರಿದ್ರೆ ಹನಿ ಮೇಲೆ ಬಿರ್ರನೆ ತೊಗಟೆ ಕಟ್ತದೆ. ಒಳಗಿನ ನೀರಿಗೆ ದಾರಿ ಇಲ್ಲ. ಉಬ್ಬಿ ಒಡೆದು ಅರಳಾಯ್ತದೆ, ಭತ್ತದ ಅರಳು ಇದ್ದಂಗೆ. ಪಾವು ತುಂಬ್ತದೆ, ತೂಕ ಇರಕ್ಕಿಲ್ಲ."

"ಗೊತ್ತು, ಓದಿದೀನಿ" ಎಂದೆ. ಸುಳ್ಳು. ಅಂಥದ್ದನ್ನು ನಾನು ಎಲ್ಲೂ ಓದಿರಲಿಲ್ಲ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರಲ್ಲ, ನನ್ನ ಹತ್ತಿರ ಆಗ ಆ ಒಕ್ಕಾಲು ಮಾತ್ರ ಇತ್ತು. ಅದನ್ನೇ ತಲೆಯ ಮೇಲೆ ಹೊತ್ತು ತಿರುಗುತ್ತಿದ್ದೆ.

ಎರಡು ತಿಂಗಳು ಎಲ್ಲ ಸರಿಯಿತ್ತು. ಪುಡಿ ರಾಗಿ ಹಿಟ್ಟಿನ ಹಾಗೆ ಜರ್ರನೆ ಸುರಿಯುತ್ತಿತ್ತು, ತಣ್ಣೀರಿಗೆ ಹಾಕಿದರೆ ಮುಳುಗಿ ಕರಗುತ್ತಿತ್ತು. ತೇವ ನೂರಕ್ಕೆ ಮೂರರ ಆಸುಪಾಸು. ಮೇಸ್ತ್ರಿ ಬಿಸಿಯ ಪುಸ್ತಕದಲ್ಲಿ ಗಂಟೆಗೊಮ್ಮೆ ಎರಡು ಅಂಕಿ ಬರೆಯುತ್ತಿದ್ದರು. ಕೊನೆಯ ಮನೆ ಷರಾದ್ದು, ಅದು ನನ್ನದು. ನಾನು "ಸರಿ" ಎಂದು ಬರೆಯುತ್ತಿದ್ದೆ.

ಆಮೇಲೆ ಸೋನೆ ಹಿಡಿಯಿತು. ಒಂದು ಬೆಳಗ್ಗೆ ನನ್ನ ಕೋಣೆಯಲ್ಲಿಟ್ಟಿದ್ದ ಪುಡಿಯ ಡಬ್ಬಿ ತೆಗೆದರೆ ಮೇಲೆಲ್ಲ ಗಂಟು ಗಂಟು. ಹಿಂದಿನ ದಿನ ಮುಚ್ಚಳ ಸರಿಯಾಗಿ ಹಾಕದೆ ಹೋದವಳು ನಾನೇ. ಅದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ಜಾರಿದ ಹೆಂಚು, ಒಲೆಯ ಮುಂದಿನ ಅಮ್ಮ. ಓಡಿ ಹೋಗಿ, "ಪುಡಿ ಹಸಿ ಬರ್ತಾ ಇದೆ ಮೇಸ್ತ್ರಿ, ಇನ್ನೂ ಒಣಗಬೇಕು, ತೊಂಬತ್ತಕ್ಕೆ ತನ್ನಿ" ಎಂದೆ.

"ಬ್ಯಾಡಿ ಕಣಮ್ಮ. ಹದವಾಗೈತೆ."

"ಹದ ನೋಡೋಳು ನಾನು. ತಿರುಗಣೆ ಬಿಗಿ ಮಾಡಿ."

ಅವರು ಬಿಗಿ ಮಾಡಿದರು. ತೊಂಬತ್ತಾಯಿತು. ತೇವ ಎರಡಕ್ಕಿಳಿಯಿತು. ನನಗೆ ಹಬ್ಬ! ಮಾರನೆಯ ವಾರ ತೊಂಬತ್ತೈದು ಅಂದೆ, ಅದರ ಮಾರನೆಯ ವಾರ ನೂರೈದು. ನೂರೈದು ಅಂದ ದಿನ ಅವರು ತಿರುಗಣೆಯ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನಿಂತರು. "ಅರಳಾಯ್ತದೆ ಕಣಮ್ಮ" ಎಂದರು. ನನಗೆ ರೇಗಿತು. ನನಗೆ ರೇಗುವುದಕ್ಕೆ ದೊಡ್ಡ ಕಾರಣ ಬೇಕಾಗಿಯೂ ಇಲ್ಲ. "ನೀವು ಹಸುವಿನ ಹಾಲು ನೋಡಿದೋರು. ನಾನು ಅಟ್ಟದ ಕೆಳಗೆ ಹುಟ್ಟಿದೋಳು. ಕೌಟು ಅಂದ್ರೇನು ಅಂತ ನನಗೆ ಹೇಳ್ಕೊಡಬೇಡಿ" ಎಂದೆ. ಪ್ಯಾಕಿಂಗಿನ ಹೆಂಗಸರು ಕೇಳಿಸಿಕೊಳ್ಳುವ ಹಾಗೆಯೇ ಅಂದೆ. ಅವರು ತಿರುಗಣೆ ಬಿಗಿ ಮಾಡಿದರು. ಪುಸ್ತಕದಲ್ಲಿ ಅವರ ಕೈಬರಹದಲ್ಲಿ ನೂರೈದು. ಷರಾದಲ್ಲಿ ನನ್ನ ಕೈಬರಹದಲ್ಲಿ, "ತೇವ ಒಂದು. ಉತ್ತಮ."

ಯಾರ ಮಾತಿನ ಮೇಲೆ ನೂರೈದು ಎಂದು ಮಾತ್ರ ಎಲ್ಲೂ ಇರಲಿಲ್ಲ.

ಒಂದೂವರೆ ತಿಂಗಳಾದ ಮೇಲೆ ಪುಡಿ ಕೊಂಡವರು ಅಷ್ಟನ್ನೂ ವಾಪಸ್ಸು ಕಳಿಸಿದರು. ಯಜಮಾನರು ನಮ್ಮನ್ನೆಲ್ಲ ಗೋಪುರದ ಕೆಳಗೆ ಕರೆದರು. ಒಂದು ಲೋಟ ನೀರು ತರಿಸಿ ಒಂದು ಚಮಚ ಪುಡಿ ಹಾಕಿದರು. ಪುಡಿ ಮುಳುಗಲಿಲ್ಲ. ಮೇಲೆಯೇ ತೇಲುತ್ತ ನಿಂತಿತು. ಸುತ್ತ ಎಣ್ಣೆಯ ಸಣ್ಣ ಸಣ್ಣ ಹನಿಗಳು ಕಣ್ಣು ಬಿಟ್ಟವು. ಯಜಮಾನರು ಚೀಲದ ಬಾಯಿ ಬಿಚ್ಚಿ ನನ್ನ ಮುಂದೆ ಹಿಡಿದರು. ಮೂಸುವುದೇ ಬೇಡವಾಗಿತ್ತು, ಅಷ್ಟು ದೂರಕ್ಕೇ ಬಡಿಯಿತು. ಕೌಟು.

"ಹದಿನೈದು ವರ್ಷ ಯಾವ ಒಲೆ ಊದ್ತಿದ್ದಯ್ಯಾ ನೀನು?" ಎಂದು ಯಜಮಾನರು ಮೇಸ್ತ್ರಿಯ ಮೇಲೆ ಎಗರಿದರು. "ಪುಸ್ತಕ ನೋಡು. ನೂರೈದು, ನೂರೈದು, ನೂರೈದು! ನಿನ್ನ ಕೈಯಲ್ಲೇ ಬರ್ದಿದೀಯಲ್ಲೋ. ಮಿಷಿನ್ನು ಬಲ್ಲೆ ಅಂತ ಬಂದೋನು ನಮ್ಮ ಹೆಸರು ತೊಳೆದುಬುಟ್ಟೆಯಲ್ಲ. ಶನಿವಾರದಿಂದ ಬರಬ್ಯಾಡ ಹೋಗು."

ಮೇಸ್ತ್ರಿ ಒಂದು ಸಲ ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ. ಈಗ ನೀವು ಹೇಳುತ್ತೀರಿ ಅಲ್ಲವೇ ಎನ್ನುವ ಹಾಗೆ ಕಾದು ನಿಂತ ನೋಟ. ನಾನು ಲೋಟವನ್ನೇ ನೋಡುತ್ತ ನಿಂತೆ. ಒಂದು ಮಾತು ಬಂದರೆ ಮನೆಯಲ್ಲಿ ಕೂರಬೇಕು ಎಂದಿದ್ದ ಅಪ್ಪನ ಮುಖ ಕಣ್ಣ ಮುಂದೆ ಬಂತು. ಗಂಡಿನ ಕಡೆಯವರ ಮುಂದೆ ತಟ್ಟೆ ಹಿಡಿದು ನಿಂತ ನನ್ನ ಮುಖವೂ ಬಂತು. ಬಾಯಿ ಬಿಡಲಿಲ್ಲ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಆ ಕೋತಿಗಾದರೂ ಒರೆಸುವ ಕಷ್ಟವಿತ್ತು. ನಾನು ಸುಮ್ಮನೆ ನಿಂತಿದ್ದೆ, ಅಷ್ಟೇ. ಅದು ತಾನಾಗಿಯೇ ಒರೆಸಿಕೊಂಡಿತು.

ಹೋಗುವಾಗ ಮೇಸ್ತ್ರಿ ತಿರುಗಣೆಯ ಸ್ಪ್ಯಾನರನ್ನು ಟವೆಲಿನಲ್ಲಿ ಒರೆಸಿ ನನ್ನ ಮೇಜಿನ ಮೇಲಿಟ್ಟರು. "ಬತ್ತೀನಿ ಕಣಮ್ಮ" ಎಂದರು. ಅಷ್ಟೇ.

ಸೋಮವಾರ ನಾನು ಎರಡು ಚಿಟಿಕೆ ಪುಡಿಯನ್ನು ಎರಡು ಕಾಗದದಲ್ಲಿ ಕಟ್ಟಿಕೊಂಡು ಕಾಲೇಜಿಗೆ ಹೋದೆ. ಒಂದು ಎಂಬತ್ತೆರಡರ ದಿನಗಳದು, ಒಂದು ನೂರೈದರದು. ನನ್ನ ಹಳೆಯ ಮೇಷ್ಟ್ರು ಮೈಕ್ರೋಸ್ಕೋಪು ಕೊಟ್ಟರು. ಮೊದಲನೆಯದರಲ್ಲಿ ಸಣ್ಣ ಗಟ್ಟಿ ಕಾಳುಗಳು, ಮೈಯೆಲ್ಲ ಸ್ವಲ್ಪ ಸುಕ್ಕು. ಎರಡನೆಯದರಲ್ಲಿ ಉಬ್ಬಿದ ಪೊಳ್ಳು ಗುಳ್ಳೆಗಳು. ಒಂದಷ್ಟು ಒಡೆದು ಬಾಯಿ ಬಿಟ್ಟಿದ್ದವು. ಒಡೆದ ಅಂಚಿನಲ್ಲಿ, ಹೊರ ಮೈಯಲ್ಲಿ, ಎಣ್ಣೆ ಮಿರಮಿರ ಹೊಳೆಯುತ್ತಿತ್ತು. ಒಳಗೆ ಭದ್ರವಾಗಿ ಕೂರಬೇಕಾಗಿದ್ದ ಎಣ್ಣೆ ಹೊರಗೆ ಬಂದು ಗಾಳಿಗೆ ಮೈಯೊಡ್ಡಿತ್ತು. ಕೌಟು ಹಿಡಿಯದೆ ಇನ್ನೇನು? ಹಸಿಗೆ ಹೆದರಿ ಹೆದರಿ ನಾನೇ ಕೈಯಾರೆ ಕೌಟು ಬರಿಸಿದ್ದೆ. ಅರಳಾಯ್ತದೆ ಕಣಮ್ಮ ಎಂದಿದ್ದರಲ್ಲ, ಅದೇ ಮಾತು, ಅಕ್ಷರ ತಪ್ಪದೆ, ಗಾಜಿನ ಕೆಳಗೆ ಬಿದ್ದಿತ್ತು.

ಹೊಸಬರು ಸಿಗುವ ತನಕ ಒಲೆಗೆ ಕರಟ ಹಾಕುವ ಆಳನ್ನು ಜೊತೆಗಿಟ್ಟುಕೊಂಡು ನೀನೇ ನಡೆಸಮ್ಮ ಎಂದು ಯಜಮಾನರು ಹೇಳಿದರು. ನಡೆಸಿದೆ. ತಿರುಗಣೆ ಸಡಿಲಿಸಿ ಹೋಗುವ ಗಾಳಿಯನ್ನು ಎಂಬತ್ತೆರಡಕ್ಕೆ ತಂದೆ. ಪುಡಿ ಜರ್ರನೆ ಸುರಿಯಿತು. ಯಜಮಾನರು ಲೋಟಕ್ಕೆ ಹಾಕಿ, ಕರಗಿದ್ದು ನೋಡಿ, ಒಂದು ಗುಟುಕು ಕುಡಿದು ಮುಖ ಅರಳಿಸಿದರು. "ನೋಡಿದ್ರೇನ್ರಿ? ಆವಯ್ಯ ಹೋದ್ಮೇಲೆ ಸರಿಹೋಯ್ತು. ಓದಿದೋರು ಓದಿದೋರೇ ಕಣ್ರೀ" ಎಂದು ಎಲ್ಲರೆದುರು ಹೊಗಳಿದರು. ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ. ಅಮ್ಮ ಕೇಳಿದ್ದಕ್ಕೆ ಅವಳ ಮೇಲೆಯೇ ರೇಗಿದೆ.

ಭಾನುವಾರ ಶೆಟ್ಟಿಕೆರೆಯ ಬಸ್ಸು ಹತ್ತಿದೆ.

ಮೇಸ್ತ್ರಿ ಅಟ್ಟದ ಮೇಲಿದ್ದರು. ಅವರ ಹೆಂಡತಿ ನನಗೆ ಮಣೆ ಹಾಕಿ ಕಾಫಿಗಿಟ್ಟರು. ಮೇಲಿನಿಂದ ಕಾಯಿ ಅಲ್ಲಾಡಿಸುವ ಸದ್ದು ಕೇಳುತ್ತಿತ್ತು. ಒಂದು, ಇನ್ನೊಂದು, ಮತ್ತೊಂದು. ನಾನು ಬಂದದ್ದು ಗೊತ್ತಾದರೂ ಇಳಿಯಲಿಲ್ಲ. ಕೊನೆಗೆ ನಾನೇ ಏಣಿಯ ಕೆಳಗೆ ನಿಂತು, ಕತ್ತೆತ್ತಿ, ಎಲ್ಲ ಹೇಳಿದೆ. ಮುಚ್ಚಳ ಹಾಕದ್ದು, ಮೈಕ್ರೋಸ್ಕೋಪಿನಲ್ಲಿ ಕಂಡದ್ದು, ಬಾಯಿ ಬಿಡದೆ ನಿಂತದ್ದು. ತಪ್ಪಾಯಿತು ಎಂದೆ. ಅತ್ತೂಬಿಟ್ಟೆ.

ಕಾಯಿಯ ಸದ್ದು ನಿಂತಿತು. ಅಟ್ಟದ ಬಾಯಿಯಲ್ಲಿ ಅವರ ಮುಖ ಕಾಣಿಸಿತು.

"ನೀವು ಹೇಳಿದ್ದೆಲ್ಲ ನನಗೆ ಗೊತ್ತಿರೋದೇ ಕಣಮ್ಮ" ಎಂದರು. "ಗೊತ್ತಿರೋನಿಗೆ ಬಂದು ಹೇಳಿದ್ರೆ ಏನು ಬಂತು? ಬಸ್ ಸ್ಟಾಂಡ್‌ಗೆ ಹೋದ್ರೆ, ಏನ್ಲಾ, ಮಿಷಿನ್ನು ಕೆಡಿಸಿ ಬಂದ್ಯಂತೆ ಅಂತಾರೆ ನನ್ನ ಓರಗೆಯೋರು. ಹದಿನೈದು ವರ್ಷ ಬಿಸಿ ಮುಂದೆ ನಿಂತೋನು ನಾನು. ಬ್ಯಾರೆ ಏನೂ ಬರಕ್ಕಿಲ್ಲ, ಅದೊಂದು ಬತ್ತದೆ ಅಂತಿದ್ರು. ಈಗ ಅದೂ ಇಲ್ಲ. ಕಾಫಿ ಕುಡಿದು ಹೋಗಿ. ಬಸ್ಸು ಬರೋ ಹೊತ್ತಾಯ್ತು."

ಕಾಫಿ ಕುಡಿದೆ. ಬೆಲ್ಲದ ಕಾಫಿ. ಚೆನ್ನಾಗಿತ್ತು ಎನ್ನುವುದಕ್ಕೂ ಧೈರ್ಯ ಬರಲಿಲ್ಲ.

ಮಾರನೆಯ ಬೆಳಗ್ಗೆ ಕೆಲಸ ಶುರುವಾಗುವ ಮೊದಲು ಬಿಸಿಯ ಪುಸ್ತಕ ತೆಗೆದೆ. ತೊಂಬತ್ತರಿಂದ ನೂರೈದರ ತನಕದ ಒಂದೊಂದು ದಿನದ ಷರಾದಲ್ಲೂ, "ಬಿಸಿ ಏರಿಸಿದ್ದು ನನ್ನ ಮಾತಿನ ಮೇಲೆ. ಮೇಸ್ತ್ರಿ ಬೇಡ ಎಂದಿದ್ದರು" ಎಂದು ಶಾಯಿಯಲ್ಲಿ ಬರೆದೆ. ಬರೆದು ಬರೆದು ಬೆರಳು ನೋಯಿತು. ಯಜಮಾನರು ಬಂದ ಮೇಲೆ ಪ್ಯಾಕಿಂಗಿನ ಹೆಂಗಸರನ್ನು, ಒಲೆಯವನನ್ನು ಎಲ್ಲರನ್ನೂ ಗೋಪುರದ ಕೆಳಗೆ ಕರೆದೆ. ಮೇಸ್ತ್ರಿಯನ್ನು ಬೈದ ಜಾಗದಲ್ಲೇ ನಿಂತು ಪುಸ್ತಕ ಬಿಚ್ಚಿ ಓದಿದೆ. ದನಿ ಜೋರಾಗಿಯೇ ಇತ್ತು.

ಯಜಮಾನರು ಪುಸ್ತಕ ಇಸಿದುಕೊಂಡು ಪುಟ ತಿರುವಿದರು. ಆಮೇಲೆ, "ಹಂಗಾದ್ರೆ ನಿನ್ನನ್ನ ಕಳಿಸ್ಬೇಕಾ ಈಗ?" ಎಂದರು.

"ಕಳಿಸಿ. ಮೊದಲು ಅವರನ್ನ ಕರೆಸಿ."

"ಬಾಯಿ ನೋಡು ಬಾಯಿ! ತಪ್ಪು ಮಾಡಿದೋಳ ಜೋರು ನೋಡ್ರಪ್ಪಾ!" ಎಂದರು. ಆದರೆ ಮಧ್ಯಾಹ್ನವೇ ಜೀಪು ಹತ್ತಿ ಶೆಟ್ಟಿಕೆರೆಗೆ ಹೋದರು. ಮೇಸ್ತ್ರಿಯ ಮನೆಗೆ ಹೋಗಲಿಲ್ಲವಂತೆ. ಬಸ್ ಸ್ಟಾಂಡಿನಲ್ಲೇ ಜೀಪು ನಿಲ್ಲಿಸಿ, ಅವರಿಗೆ ಹೇಳಿ ಕಳಿಸಿ, ನಾಲ್ಕು ಜನರೆದುರು, "ತಪ್ಪು ನಿಂದಲ್ಲ ಕಣಯ್ಯಾ, ನಮ್ಮ ಕಡೇದು. ಬಾ" ಎಂದರಂತೆ. ದೊಡ್ಡ ಬಾಯಿಯ ಮನುಷ್ಯ. ಬೈಯುವಾಗ ಹೇಗೋ, ಇದಕ್ಕೂ ಆ ಬಾಯಿ ಉಪಯೋಗಕ್ಕೆ ಬಂತು. ನನ್ನನ್ನು ಕಳಿಸಲೂ ಇಲ್ಲ. ಅಪ್ಪನಿಗೆ ಸುದ್ದಿ ಮುಟ್ಟಿತು. ಅವರು ನನ್ನನ್ನು ಎದುರಿಗೆ ಕೂರಿಸಿಕೊಂಡು ಎಲ್ಲ ಕೇಳಿ, "ಸರಿ, ನಾಳೆ ಬಸ್ಸಿಗೆ ಹೊತ್ತಾಯ್ತದೆ, ಮಲಗು" ಎಂದರು.

ಗುರುವಾರ ಮೇಸ್ತ್ರಿ ಬಂದರು. ನಾನು ಸ್ಪ್ಯಾನರು ಹಿಡಿದು ಬಾಗಿಲಲ್ಲೇ ನಿಂತಿದ್ದೆ. ತೆಗೆದುಕೊಂಡರು. ತಲೆಗೆ ಟವೆಲು ಸುತ್ತಿದರು, ಏಣಿ ಹತ್ತಿದರು, ಕೊಳವೆಗೆ ಹಿಂಗೈ ತಾಗಿಸಿ ತೆಗೆದರು. ಆಮೇಲೆ ಮೇಲಿಂದಲೇ ಕೇಳಿದರು:

"ಎಷ್ಟಕ್ಕಿಡ್ಲಿ ಕಣಮ್ಮ?"

"ನಿಮ್ಮ ಕೈಗೆ ಎಷ್ಟು ಅನ್ನಿಸುತ್ತೋ ಅಷ್ಟು ಇಡಿ ಮೇಸ್ತ್ರಿ" ಎಂದೆ. ಇನ್ನು ಮೇಲೆ ನಿಮ್ಮ ಮಾತೇ ಮಾತು ಎಂದು ಹೇಳುತ್ತಿದ್ದೇನೆ ಅಂದುಕೊಂಡಿದ್ದೆ. ಅವರು ನಗಲಿಲ್ಲ. ಕೆಳಗಿಳಿದು ಬಂದು, ಬಿಸಿಯ ಪುಸ್ತಕವನ್ನು ನನ್ನ ಮುಂದೆ ಬಿಚ್ಚಿಟ್ಟರು. ಎರಡು ಅಂಕಿಯ ಮನೆಗಳ ಪಕ್ಕದಲ್ಲಿ ಸ್ಕೇಲು ಹಿಡಿದು ಹೊಸದಾಗಿ ಒಂದು ಗೆರೆ ಎಳೆದರು.

"ಹಂಗಲ್ಲ. ನೀವು ಹೇಳ್ಬೇಕು" ಎಂದರು. "ಬ್ಯಾಡ ಅನ್ನಂಗಿದ್ರೆ ನಾನು ಬ್ಯಾಡ ಅಂತೀನಿ. ಯಾರು ಹೇಳಿದ್ದು ಅಂತ ಇಲ್ಲಿ ಬರೀಬೇಕು. ದಿನಾ."

"ಎಂಬತ್ತೆರಡು" ಎಂದೆ.

ಅವರು ಎಂಬತ್ತೆರಡು ಎಂದು ಬರೆದು, ಹೊಸ ಮನೆಯ ಮೇಲೆ ಬೆರಳಿಟ್ಟು, ಪೆನ್ನನ್ನು ನನ್ನ ಕಡೆ ತಿರುಗಿಸಿದರು. ನಾನು ಸಹಿ ಹಾಕಿದೆ. ಶಾಯಿ ಒಣಗುವ ತನಕ ಕಾದು ಪುಸ್ತಕ ಮುಚ್ಚಿ, ಅವರು ಮತ್ತೆ ಏಣಿ ಹತ್ತಿದರು.